ಹುಲ್ಲಿಗೆ ನೀರು ಹಾಕಿದ ಟೈಲರ್

"ಮೊದಲನೇ ಮನೇಲಿ ಏನಾಯ್ತು, ನೆನಪಿದೆಯಾ? ಬಾಗಿಲ ಮುಂದೆ ಬಟಾಬಯಲಿತ್ತು. ನೀನು ಮಲ್ಲಿಗೆ ಹಬ್ಬಿಸಿದೆ. ಹೂ ಬಿಟ್ಟಿದ್ದೇ ತಡ, ಓನರ್ ಮಗಳು ಬಂದು 'ಅಪ್ಪಾ, ಈ ಮನೆ ಎಷ್ಟು ಚೆನ್ನಾಗಿದೆ' ಅಂದಳು. ನಾವು ಗಂಟುಮೂಟೆ ಕಟ್ಟಿದ್ವಿ. ಎರಡನೇ ಮನೇಲಿ ಕುಂಬಳದ ಬಳ್ಳಿ. ಕಾಯಿ ಇನ್ನೂ ಬಲಿತಿರಲಿಲ್ಲ, ಓನರನ ತಮ್ಮ ಸಾಮಾನು ಸಮೇತ ಬಂದಿಳಿದ. ಆ ಕಾಯಿ ಯಾರ ಹೊಟ್ಟೆ ಸೇರಿತೋ. ಮೂರನೇ ಮನೆ ಮಾತು ನಾನು ಆಡಲ್ಲ, ಆಡಿದರೆ ನನಗೆ ಊಟ ಸೇರಲ್ಲ. ಅದಕ್ಕೇ ಹೇಳ್ತೀನಿ ಕೇಳು. ಈ ಮನೆ ಅಂಗಳದಲ್ಲಿ ನೀನು ಒಂದು ಕಡ್ಡಿ ನೆಡಕೂಡದು. ನೋಡಿದವರು 'ಅಯ್ಯೋ ಪಾಪ, ಇಲ್ಲಿ ಯಾರಾದರೂ ಇರ್ತಾರಾ' ಅನ್ನಬೇಕು. ಆಗ ನಾವು ಕಾಲು ಚಾಚಿ ಮಲಗಬಹುದು."

ಟೈಲರ್ ಮಾತು ಮುಗಿಸುವ ಹೊತ್ತಿಗೆ ಅವನ ಹೆಂಡತಿ ಬಟಾಣಿ ಬಿಡಿಸಿ ಮುಗಿಸಿದ್ದಳು.

"ಆಯ್ತು ರೀ" ಎಂದಳು.

(ಅವಳು "ಆಯ್ತು ರೀ" ಎಂದರೆ ಏನೂ ಆಗಿಲ್ಲವೆಂದೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿದರೂ ಟೈಲರನಿಗೆ ಅದು ಪ್ರತಿ ಸಲವೂ ಹೊಸದು.)

ಒಂದು ಮಧ್ಯಾಹ್ನ ತಟ್ಟೆಯಲ್ಲಿ ಎಳೆ ಹುರುಳಿಕಾಯಿ ಕಂಡಿತು. ಬಾಯಲ್ಲಿಟ್ಟರೆ ಬೆಣ್ಣೆ. ಟೈಲರ್ ಎರಡನೇ ಸಲ ಬಡಿಸಿಕೊಂಡು ಕೇಳಿದ, "ಯಾವ ಅಂಗಡೀದು?"

"ಹಿತ್ತಲಿಂದು. ಬಚ್ಚಲ ಹಿಂದೆ. ಬೀದಿಗೆ ಕಾಣಲ್ಲ ಬಿಡಿ."

ಟೈಲರ್ ಕೋಪ ಮಾಡಿಕೊಳ್ಳಬೇಕಿತ್ತು. ಆದರೆ ಬಾಯಿ ತುಂಬಾ ಹುರುಳಿಕಾಯಿ ಇಟ್ಟುಕೊಂಡು ಕೋಪ ಮಾಡುವುದು ಕಷ್ಟ. ನುಂಗಿ, ನೀರು ಕುಡಿದು, ರಾಜಿಗೆ ಬಂದ. ಹಿತ್ತಲು ಅವಳದು, ಮುಂದಿನ ಅಂಗಳ ತನ್ನದು. ಅಲ್ಲಿ ತಾನು ಬೆಳೆಸುವುದು ದರಿದ್ರವನ್ನು ಮಾತ್ರ.

ದರಿದ್ರ ಬೆಳೆಸುವುದೂ ಸುಲಭವಲ್ಲ. ಬೇಸಿಗೆ ಬಂದದ್ದೇ ಅಂಗಳದ ಹುಲ್ಲು ಒಣಗಿ ಉದುರಿತು. ನೆಲ ಯಾರೋ ಗುಡಿಸಿಟ್ಟ ಹಾಗೆ ಚೊಕ್ಕಟವಾಗಿ ಕಂಡಿತು. ಇದನ್ನು ಓನರಮ್ಮ ಕಂಡರೆ ಮುಗಿಯಿತು. ಅಂದಿನಿಂದ ಕತ್ತಲಾಗುತ್ತಲೇ ಬಕೆಟ್ ಹಿಡಿದು ಹುಲ್ಲಿಗೆ ನೀರು ಹಾಕತೊಡಗಿದ. ಅಲ್ಲೊಂದು ಇಲ್ಲೊಂದು ಗಿಡ ಚೆನ್ನಾಗಿ ಕಂಡರೆ ಕಿತ್ತು ಹಾಕುವನು. ಮುರಿದ ಕುರ್ಚಿಯೊಂದನ್ನು ತಂದು, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ಗೇಣಳತೆ ಎಡಕ್ಕೆ ಸರಿಸಿಟ್ಟ.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದಳು. "ಏನ್ರೀ, ಹುಲ್ಲಿಗೆ ನೀರು ಹಾಕ್ತಾ ಇದೀರಾ?"

"ಇಲ್ಲಪ್ಪ, ಬಕೆಟ್ ತೂತು."

ಊರೆಲ್ಲ ಒಣಗಿತು. ಟೈಲರನ ಹುಲ್ಲು ಮಾತ್ರ ಮೊಣಕಾಲು ಮುಟ್ಟಿತು.

ಆಗ ಬಂದಳು ಓನರಮ್ಮ, ಗೇಟು ತಳ್ಳಿಕೊಂಡು. ಟೈಲರ್ ಹೊಲಿಗೆ ಮಿಷನ್ ಬಿಟ್ಟು ಓಡಿ ಬಂದ. ಮುಖವನ್ನು ಆದಷ್ಟು ಬಾಡಿಸಿಕೊಂಡ.

"ಟೈಲರ್ರೇ, ನನ್ನ ಮಗ ಸಂಸಾರ ಸಮೇತ ವಾಪಸ್ ಬರ್ತಾ ಇದಾನೆ. ಈ ಮನೆ ಬಿಟ್ಕೊಡಿ ಅಂತ ಹೇಳೋಕೆ ಬಂದೆ."

"ನೋಡಿ ಅಮ್ಮ, ಅಂಗಳ ಹೇಗಿದೆ. ನಿಮ್ಮ ಮಗ ಇಲ್ಲಿ ಕಾಲಿಡ್ತಾರಾ? ಹಾವು ಚೇಳು ಇದ್ದರೂ ಇದ್ದಾವು."

ಓನರಮ್ಮ ಕೇಳಿಸಿಕೊಳ್ಳಲಿಲ್ಲ. ಬಗ್ಗಿ ಹುಲ್ಲಿನ ಒಂದು ಎಸಳು ಕಿತ್ತು, ಸೀರೆ ಬಟ್ಟೆ ನೋಡುವಂತೆ ಬೆರಳಲ್ಲಿ ಉಜ್ಜಿ ನೋಡಿದಳು. "ನನ್ನ ಮೊಲಗಳು ಒಣ ಹುಲ್ಲು ಮೂಸಿ ನೋಡಲ್ಲ, ಸೊರಗಿ ಹೋಗಿವೆ. ಇಂಥ ಹುಲ್ಲು ಊರೆಲ್ಲ ಹುಡುಕಿದರೂ ಇಲ್ಲ. ಇದು ತಾನಾಗೇ ಬೆಳೀತಾ?"

ಹೂಂ ಎಂದರೆ ಮಗನಿಗೆ ಮನೆ, ಮೊಲಕ್ಕೆ ಹುಲ್ಲು. ಊಹೂಂ ಎಂದರೆ ಟೈಲರನ ಮಾನ ಬೀದಿಗೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ತಾನಾಗಿ ಎಲ್ಲಿ ಬೆಳೆಯತ್ತೆ ಅಮ್ಮ. ದಿನಾ ಸಂಜೆ ಇವರೇ ನೀರು ಹಾಕ್ತಾರೆ. ನನ್ನ ಹುರುಳಿಕಾಯಿ ಗಿಡಕ್ಕೆ ಒಂದು ಚೊಂಬು ಹಾಕಿ ಅಂದರೆ ಸೊಂಟ ನೋವು. ಹುಲ್ಲಿಗೆ ಮಾತ್ರ ಹೆತ್ತ ತಾಯಿ."

"ಹೌದಾ ಟೈಲರ್ರೇ?"

"ಹೌದು" ಎಂದ ಟೈಲರ್, ಕಾಲುಬೆರಳು ನೋಡುತ್ತ.

ಓನರಮ್ಮ ಯೋಚಿಸಿದಳು. "ನನ್ನ ಮಗನ್ನ ನನಗೆ ಗೊತ್ತಿಲ್ವಾ. ಕುಡಿದ ಲೋಟಕ್ಕೆ ನೀರು ಹಾಕಿಡಲ್ಲ, ಹುಲ್ಲಿಗೆ ಹಾಕ್ತಾನಾ. ಅವನು ನಮ್ಮ ಮನೆ ಮೇಲಿನ ರೂಮಲ್ಲಿ ಇರಲಿ. ನೀವು ಇಲ್ಲೇ ಇರಿ. ದಿನಾ ಬೆಳಿಗ್ಗೆ ಒಂದು ಹೊರೆ ಹುಲ್ಲು ಕೊಯ್ದು ತಂದ್ಕೊಡಿ, ಅಷ್ಟೇ. ನಾನಿರೋ ತನಕ ನಿಮ್ಮನ್ನ ಏಳಿ ಅನ್ನಲ್ಲ." ಹೊರಟವಳು ಗೇಟಿನ ಹತ್ತಿರ ತಿರುಗಿ, "ಆ ಕುರ್ಚಿ ತೆಗೀರಿ, ಕೆಳಗೆ ಹುಲ್ಲು ಬಿಳಚಿಕೊಳ್ಳತ್ತೆ" ಎಂದಳು.

ಹಾಗೆ ನಾಲ್ಕನೇ ಮನೆ ಉಳಿಯಿತು. ಅಂಗಳದ ಮೂಲೆಯಲ್ಲಿ ಮಲ್ಲಿಗೆಯೂ ನೆಲೆ ಕಂಡಿತು, ಯಾರೂ ತಕರಾರು ಮಾಡಲಿಲ್ಲ. ತಕರಾರೆಲ್ಲ ಮೊಲಗಳದು.

"ನಿನ್ನೆ ಹುಲ್ಲು ಬಲಿತಿತ್ತಂತೆ, ಅರ್ಧ ಬಿಟ್ಟಿವೆಯಂತೆ" ಎಂದಳು ಹೆಂಡತಿ, ಹೊಸಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತ. "ಎಳೇದು ನೋಡಿ ಕೊಯ್ಯಿರಿ. ನಿಮ್ಮ ಬಟ್ಟೆ ಕತ್ತರಿ ತಂದ್ಕೊಡ್ಲಾ?"

"ಕತ್ತರಿ ಮುಟ್ಟಿದರೆ ನೋಡು" ಎಂದ ಟೈಲರ್.

ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಮುಂದೆ ಸರಿದ. ಹುಲ್ಲಿನ ಬುಡ ಸಮ ಮಾಡಿ, ರವಿಕೆ ಹೊಲಿದು ಉಳಿದ ಅಂಚಿನಿಂದ ಹೊರೆ ಕಟ್ಟಿದ. ಆಮೇಲೆ ಬಕೆಟ್ ತುಂಬಿಸಲು ನಲ್ಲಿಯ ಕಡೆ ನಡೆದ.