ರೈಲು ತಡವಾದರೆ ಅಳು, ಭಾವ ಹೋದರೆ ನಗು

ಇವರಿಗೆ:
ಮುಖ್ಯಾಧಿಕಾರಿಗಳು,
ಅಳು ಮತ್ತು ನಗು ವಿತರಣಾ ವಿಭಾಗ,
ನನ್ನ ತಲೆಯ ಒಳಗೆ, ಹಣೆಯ ಹಿಂಬದಿ.

ಮಾನ್ಯರೇ,

ತಮ್ಮ ಘನ ಸನ್ನಿಧಾನಕ್ಕೆ ಈ ಬಡ ದೇಹದ ಒಡತಿಯ ನಮಸ್ಕಾರಗಳು. ನಲವತ್ತಾರು ವರ್ಷ ತಾವು ಎಷ್ಟು ಸದ್ದಿಲ್ಲದೆ ಕೆಲಸ ಮಾಡಿದಿರೆಂದರೆ, ಹೀಗೊಂದು ಕಚೇರಿ ನನ್ನ ತಲೆಯಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಗ ಒಂದು ಥ್ಯಾಂಕ್ಸ್ ಕೂಡ ಹೇಳದ ತಪ್ಪಿಗೆ ಕ್ಷಮೆ ಇರಲಿ.

ಕಳೆದ ವರ್ಷ ಎರಡನೇ ಪ್ಲಾಟ್‌ಫಾರ್ಮಿನ ಮೆಟ್ಟಿಲಲ್ಲಿ ನಾನು ಕಾಲು ಜಾರಿ, ತಲೆ ಕಬ್ಬಿಣದ ಕಂಬಿಗೆ ಬಡಿದು, ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ ಮೇಲೆ, ತಾವು ಯಾರನ್ನೂ ಕೇಳದೆ ಹೊಸ ಪದ್ಧತಿಯೊಂದನ್ನು ಜಾರಿಗೆ ತಂದಿದ್ದೀರಿ. ಅಳು ಬೇಕಾದ ಕಡೆಗೆ ನಗು, ಏನೂ ಬೇಡದ ಕಡೆಗೆ ಧಾರಾಕಾರ ಅಳು. ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಹೀಗಾಗುವುದುಂಟು, ನಿಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಅದು ಯಾರ ಕೈಯಲ್ಲಿದೆಯೋ ಅವರಿಗೇ ಬರೆಯೋಣವೆಂದು ಈ ಪತ್ರ.

ತಮಗೆ ತಿಳಿದಂತೆ, ನಾನು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಎಷ್ಟು ತಡ ಎಂದು ಕೂಗಿ ಹೇಳುವವಳು. ಹದಿನೆಂಟು ವರ್ಷ ದಿನಕ್ಕೆ ಐವತ್ತು ಸಲ 'ವಿಷಾದಿಸುತ್ತೇವೆ' ಎಂದಿದ್ದೇನೆ, ಒಂದು ಸಲವೂ ವಿಷಾದವಾಗಿರಲಿಲ್ಲ. ಈಗ ತಮ್ಮ ಕೃಪೆಯಿಂದ ನಲವತ್ತು ನಿಮಿಷ ತಡ ಎನ್ನುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳುತ್ತೇನೆ, ನಾಲ್ಕೂ ಪ್ಲಾಟ್‌ಫಾರ್ಮಿಗೆ ಕೇಳುವಂತೆ. ಸರಕು ಗಾಡಿಯೊಂದು ನಿಲ್ಲದೆ ಹೋದ ದಿನವಂತೂ ಹೆತ್ತ ಮಗಳನ್ನು ಕಳಿಸಿಕೊಟ್ಟವಳ ಹಾಗೆ ಗೋಳಾಡಿದೆ. ವಯಸ್ಸಾದ ಪ್ರಯಾಣಿಕರೊಬ್ಬರು ನನ್ನ ಕೋಣೆಯ ಕಿಟಕಿಗೆ ಬಂದು, "ಅಳ್ಬೇಡಮ್ಮಾ, ನಮಗೇನೂ ಅಂಥ ಅರ್ಜೆಂಟಿಲ್ಲ, ಗಾಡಿ ನಾಳೆ ಬಂದ್ರೂ ನಡೆಯುತ್ತೆ" ಎಂದರು. ನಾಚಿಕೆಯಾಗಿ ರಾಜೀನಾಮೆ ಬರೆದು ಸ್ಟೇಷನ್ ಮಾಸ್ತರರ ಮುಂದಿಟ್ಟರೆ, ಅವರು ದೂರು ಪುಸ್ತಕ ಬಿಡಿಸಿ ತೋರಿಸಿದರು. ತಿಂಗಳಿಂದ ಒಂದೇ ಒಂದು ದೂರಿಲ್ಲ. "ನೀವು ಗುಣವಾಗೋ ವಿಚಾರಾನ ಸ್ವಲ್ಪ ಮುಂದಕ್ಕೆ ಹಾಕ್ತೀರಾ?" ಎಂದು ಕೈ ಮುಗಿದರು.

ಇಷ್ಟೇ ಆಗಿದ್ದರೆ ನಾನು ತಮಗೊಂದು ಸನ್ಮಾನವನ್ನೇ ಏರ್ಪಡಿಸುತ್ತಿದ್ದೆ. ಆದರೆ ಭಾವ ತೀರಿಕೊಂಡರು.

ಅಕ್ಕನ ಗಂಡ ಎಂದರೆ ತಮಗೆ ನೆನಪಾಗದಿದ್ದರೆ ಹೇಳುತ್ತೇನೆ. ನಾನು ಆಸ್ಪತ್ರೆಯಲ್ಲಿ ಚಮಚ ಹಿಡಿಯಲಾರದೆ ಬಿದ್ದಿದ್ದಾಗ ದಿನಾ ಬಂದು ಗಂಜಿ ಕುಡಿಸಿ, ನನ್ನ ಉಗುರು ಕತ್ತರಿಸಿ, ಅಡ್ಡಾದಿಡ್ಡಿಯಾಗಿ ಕತ್ತರಿಸಿದ್ದಕ್ಕೆ ನನ್ನಿಂದಲೇ ಬೈಸಿಕೊಂಡ ಮನುಷ್ಯ ಅವರು. ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅಕ್ಕ ನನ್ನ ಮುಖ ನೋಡಿದಳು. ತಾವು ಕಳಿಸಿದ್ದು ನಗು, ಅದೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿಯುವಂಥ ನಗು, ಎದುರಿನ ಗಡಿಯಾರದ ಪ್ರಕಾರ ಪೂರ್ತಿ ಹನ್ನೊಂದು ನಿಮಿಷ. ಇದು ಪೆಟ್ಟಿನ ಕಾಟವೆಂದು ವಿವರಿಸೋಣವೆಂದರೆ ಅವತ್ತಿನಿಂದ ಅಕ್ಕ ನನ್ನ ಫೋನನ್ನೇ ಎತ್ತುತ್ತಿಲ್ಲ. ನನಗಿರುವುದು ಅವಳೊಬ್ಬಳೇ, ಸ್ವಾಮಿ. ಒಳಗೆ ದುಃಖಕ್ಕೇನೂ ಕೊರತೆಯಿಲ್ಲ, ಎದೆ ಒಡೆದು ಹೋಗುವಷ್ಟಿದೆ. ಹೊರಗೆ ಬಿಡುವಾಗ ತಾವು ಅದಕ್ಕೆ ಯಾಕೆ ಈ ವೇಷ ಕಟ್ಟುತ್ತೀರಿ?

ಆದ್ದರಿಂದ ನನ್ನ ಕೋರಿಕೆ ಬಹಳ ಸಣ್ಣದು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅವಳು ಬಾಗಿಲು ತೆಗೆದ ಕೂಡಲೇ ಒಂದೇ ಒಂದು ಹನಿ ಕಣ್ಣೀರು, ಎಡಗಣ್ಣಾದರೂ ಸರಿ, ಬಲಗಣ್ಣಾದರೂ ಸರಿ, ಮಂಜೂರು ಮಾಡಬೇಕು. ದಾಸ್ತಾನು ಸಾಲದಿದ್ದರೆ ಸರಕು ಗಾಡಿಗಳ ಪಾಲಿನಿಂದ ಕಡಿತ ಮಾಡಿಕೊಳ್ಳಿ, ಅವು ಬೇಜಾರು ಮಾಡಿಕೊಳ್ಳುವುದಿಲ್ಲ. ಅದೂ ಆಗದಿದ್ದರೆ ನನ್ನ ಹಿಂದಿನ ನಲವತ್ತಾರು ವರ್ಷಗಳ ಅಳುವಿನಲ್ಲಿ ಚೆನ್ನಾಗಿರುವುದೊಂದನ್ನು ಹುಡುಕಿ ಮರುಪ್ರಸಾರ ಮಾಡಿದರೂ ನಾನು ತಕರಾರು ಎತ್ತುವುದಿಲ್ಲ.

ತಮ್ಮನ್ನು ಬಿಟ್ಟು ಬೇರೆಲ್ಲೂ ಹೋಗಲಾಗದ
ತಮ್ಮ ವಿಶ್ವಾಸಿ,
ಮೈಕಿನ ಕೋಣೆಯವಳು

ತಾಜಾ ಕಲಂ (ಸೋಮವಾರ ಸೇರಿಸಿದ್ದು): ಪತ್ರ ತಮಗೆ ತಲುಪಿರಲಿಕ್ಕಿಲ್ಲ, ಅಥವಾ ತಲುಪಿಯೂ ಕಡತದ ಕೆಳಗೆ ಸೇರಿರಬಹುದು. ಭಾನುವಾರ ಅಕ್ಕ ಬಾಗಿಲು ತೆಗೆದ ಕೂಡಲೇ ತಾವು ಮತ್ತೆ ನಗುವನ್ನೇ ಕಳಿಸಿದಿರಿ. ತಮ್ಮ ಮೇಲಿನ ನಂಬಿಕೆಯಿಂದಲೇ ನಾನು ಹಿಂದಿನ ದಿನ ಡಾಕ್ಟರಿಂದ ಸಹಿ, ಮೊಹರು ಹಾಕಿಸಿ ಒಂದು ಸರ್ಟಿಫಿಕೇಟು ತೆಗೆದುಕೊಂಡಿದ್ದೆ: 'ಈ ಪತ್ರ ತಂದವರು ನಕ್ಕಲ್ಲಿ, ಸದರಿ ನಗುವನ್ನು ಅಳುವೆಂದೇ ಪರಿಗಣಿಸತಕ್ಕದ್ದು.' ನಗುತ್ತಲೇ ಅದನ್ನು ಅಕ್ಕನ ಕೈಗಿಟ್ಟೆ. ಅವಳು ಹೊಸ್ತಿಲಲ್ಲೇ ನಿಂತು ಎರಡು ಸಲ ಓದಿದಳು. ಆಮೇಲೆ, "ಅಂದ್ರೆ ಅವತ್ತು ನೀನು ನನಗಿಂತ ಜಾಸ್ತಿ ಅತ್ತಿದ್ಯೇನೇ?" ಎಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಮಾನ್ಯರೇ, ಜೀವಮಾನದಲ್ಲೇ ನನಗೆ ಅತಿ ಹೆಚ್ಚು ಸಂತೋಷವಾದ ಆ ಗಳಿಗೆಯಲ್ಲಿ ತಾವು ಕಳಿಸಿದ್ದು ಒಂದು ದೊಡ್ಡ ಆಕಳಿಕೆ. ಅಕ್ಕ ಕಣ್ಣು ಒರೆಸಿಕೊಂಡು, ಅದಕ್ಕೇನರ್ಥವೆಂದು ಸರ್ಟಿಫಿಕೇಟಿನ ಹಿಂಬದಿ ತಿರುಗಿಸಿ ನೋಡಿದಳು.