ಗೇಟಿನ ಮೇಲಿನ ಬಾಟಲಿ

"ಇದು ಶಾಲೆಯೇನೋ ವಿಶ್ವ, ನಿನ್ನ ಗೋಡೌನೋ? ಶಾಲೆ ಹೆಸರೆಲ್ಲಿ?"

"ಇದೆ ಟೀಚರ್, ಬಾಟಲಿ ಬುಡದಲ್ಲಿ. ಸ್ವಲ್ಪ ಹತ್ರ ಬಂದ್ರೆ ಕಾಣುತ್ತೆ."

ಕಳಸದ ಶಾಲೆಯ ಹೆಡ್‌ಮಿಸ್ ಗಿರಿಜಾಂಬಾ ಗೇಟಿನ ಮೇಲೆ ಕಟ್ಟಿದ್ದ ಜ್ಯೂಸ್ ಬ್ಯಾನರ್ ನೋಡುತ್ತ ಕೊಡೆ ಊರಿ ನಿಂತಿದ್ದರು. ಎದುರು ಅಂಗಡಿಯ ವಿಶ್ವನಾಥ ಅವರ ಹಳೆಯ ಶಿಷ್ಯ. ತಲೆ ನರೆತಿದ್ದರೂ ಆ ಕೊಡೆ ಕಂಡರೆ ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಆದರೆ ಇವತ್ತು ಬಗ್ಗುವಂತಿರಲಿಲ್ಲ. ಜ್ಯೂಸ್ ಕಂಪನಿಯವರು ಪುಕ್ಕಟೆ ಫ್ರಿಜ್ ಕೊಟ್ಟಿದ್ದರು. ಕ್ರೀಡಾಕೂಟ ಮುಗಿಯುವ ತನಕ ಬ್ಯಾನರ್ ಶಾಲೆಯಲ್ಲಿರಬೇಕು, ಇಲ್ಲದಿದ್ದರೆ ಫ್ರಿಜ್ ವಾಪಸ್. ಅದರೊಳಗೆ ಹೆಂಡತಿ ನಾಗಶ್ರೀ ಆಗಲೇ ದೋಸೆ ಹಿಟ್ಟು ಇಟ್ಟಾಗಿತ್ತು.

"ಇಳಿಸ್ತೀರಾ ಅಣ್ಣ?" ಬಿಸಿಯೂಟದ ಯಲ್ಲಮ್ಮ ಅಡುಗೆಮನೆಯಿಂದ ಕೂಗಿದಳು. "ಸೌದೆಗೆ ಹೊದಿಸೋಕೆ ಬೇಕಿತ್ತು."

"ಇಳಿಸಲ್ಲ ಮಾರಾಯ್ತಿ! ನೀನೊಬ್ಳು!"

ಈ ಕಡೆ ಯಾವ ಬ್ಯಾನರ್ ಏರಿದರೂ ಅದು ಯಾರ ಸೌದೆಗೆ ಎಂಬುದು ಅವತ್ತೇ ತೀರ್ಮಾನವಾಗಿರುತ್ತದೆ.

ಗಿರಿಜಾಂಬಾ ಕೊಡೆಯಿಂದ ಬ್ಯಾನರ್ ತೋರಿಸಿದರು. "ನಿನ್ನೆ ಒಂದನೇ ಕ್ಲಾಸಿನ ಹುಡುಗಿ 'ಮ' ಅಂದ್ರೆ ಏನು ಅಂತ ಕೇಳಿದ್ರೆ ಈ ಬಾಟಲಿ ಹೆಸರು ಹೇಳಿದ್ಲು."

"ಅಕ್ಷರ ಕಲಿತಿದಾಳಲ್ಲ ಟೀಚರ್!"

"ನಾಲಿಗೆ ಚಾಚಿ ಹೇಳಿದ್ಲು."

"ಅದ್ರಲ್ಲಿ ಮಾವಿನ ಹಣ್ಣಿದೆ. ಆರೋಗ್ಯಕ್ಕೆ ಒಳ್ಳೇದು."

"ಹೌದಾ? ಹಾಗಾದ್ರೆ ಒಂದು ಬಾಟಲಿ ತಗೊಂಡು ಬಾ. ಇಲ್ಲೇ ಮಕ್ಕಳ ಮುಂದೆ ಕುಡಿ."

ವಿಶ್ವನಾಥ ಸುತ್ತ ನೋಡಿದ. ಬೇಲಿಗೆ ಆತು ಇಡೀ ಐದನೇ ಕ್ಲಾಸೇ ನಿಂತಿತ್ತು.

"ನಂಗೆ ಶುಗರ್ ಅಲ್ವಾ ಟೀಚರ್. ಡಾಕ್ಟ್ರು ಮುಟ್ಟಬೇಡ ಅಂದಿದಾರೆ."

"ಸರಿ. ಇವರಿಗೆ ಇನ್ನೂ ಬಂದಿಲ್ಲ, ಅದಕ್ಕೆ ಕುಡಿಸ್ತಿದೀಯ."

ಮಾತು ಮುಗಿಯುವಷ್ಟರಲ್ಲಿ ಯಲ್ಲಮ್ಮ ಏಣಿ ತಂದು ಗೇಟಿಗೆ ಒರಗಿಸಿದ್ದಳು. ವಿಶ್ವನಾಥ ಹತ್ತಿದ, ಹಗ್ಗ ಬಿಚ್ಚಿದ. ಮೇಲಿನಿಂದಲೇ ಗೋಗರೆದ:

"ಫ್ರಿಜ್ ಹೋಯ್ತು ಟೀಚರ್. ದೋಸೆ ಹಿಟ್ಟಿಗೆ ಏನ್ ಹೇಳ್ಲಿ?"

"ಬ್ಯಾನರ್ ಗೇಟ್ ಮೇಲಿರಬೇಕು ಅಂತ ಕಂಪನಿಯವರು ಅಂದಿದಾರಾ?"

"ಇಲ್ಲ. ಶಾಲೆಯಲ್ಲಿರಬೇಕು ಅಂತ."

"ಹಾಗಾದ್ರೆ ಶಾಲೆಯಲ್ಲೇ ಇರುತ್ತೆ. ಕೇಳಿದ್ರೆ ನಾನೇ ಹೇಳ್ತೀನಿ. ಯಲ್ಲಮ್ಮ, ತಗೊಂಡು ಹೋಗಿ ಹೊದಿಸು. ಚಿತ್ರ ಕೆಳಗೆ ಬರ್ಲಿ."

"ಅಯ್ಯೋ ಟೀಚರ್, ಮೂಲೇಲಿ ನನ್ನ ಫೋಟೋನೂ ಇದೆ!"

"ಇರ್ಲಿ ಬಿಡು. ಸೌದೆ ಬಾಟಲಿ ನೋಡಿದ್ರೆ ತೊಂದರೆ ಇಲ್ಲ, ಅದಕ್ಕೆ ಹುಳುಕಾಗೋ ಹಲ್ಲಿಲ್ಲ."