ಉತ್ತರ ಹೇಳಬಾರದ ಕೆಲಸ

ಪ್ರಶ್ನೆ ಕೇಳಿದರೆ ಸಂಬಳ, ಉತ್ತರ ಹೇಳಿದರೆ ಬೈಗುಳ. ಎಂ.ಎ. ಮುಗಿಸಿದ ಹೊಸದರಲ್ಲಿ ಅಂಥದೊಂದು ಕೆಲಸ ಮಾಡಿದ್ದೇನೆ. ಎಚ್‌ಐವಿ ಹೇಗೆ ಹರಡುತ್ತದೆಂದು ಜನರಿಗೆ ಎಷ್ಟು ಗೊತ್ತು ಎಂಬುದನ್ನು ಮನೆಮನೆಗೆ ಹೋಗಿ ಅಳೆಯುವ ಸಮೀಕ್ಷೆ ಅದು. ಉತ್ತರ ತಪ್ಪಾದರೂ ತಿದ್ದಬಾರದು, ಮುಖದಲ್ಲೂ ತೋರಿಸಬಾರದು; ತಿಳಿಸುವುದೇನಿದ್ದರೂ ಕೊನೆಯ ಪ್ರಶ್ನೆ ಮುಗಿದ ಮೇಲೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಭಾವವಿಲ್ಲದ ಮುಖ ನನಗೆಷ್ಟು ಒಗ್ಗಿತೆಂದರೆ, ಆ ವರ್ಷ ಹೆಣ್ಣು ನೋಡಲು ಬಂದವರು ಹುಡುಗಿಗೆ ಕಿವಿ ಕೇಳಿಸುತ್ತದೆಯೇ ಎಂದು ಅಮ್ಮನನ್ನು ವಿಚಾರಿಸಿದ್ದರು. ಹಳಿಯಾಳದಲ್ಲಿ ಸೊಳ್ಳೆಯಿಂದ ಎಚ್‌ಐವಿ ಬರುತ್ತದೆಯೇ ಎಂದು ಕೇಳಿದಾಗ ಮುದುಕರೊಬ್ಬರು, “ಮಲೇರಿಯಾ ಅದರ ತಲೀಮ್ಯಾಲ ಐತಿ. ಇನ್ನೂ ಎಷ್ಟು ಹೊರಸ್ತೀರಿ ಅಕ್ಕಾರ?” ಎಂದಿದ್ದರು. ಆಗಲೂ ನಗಲಿಲ್ಲ.

ಮುಂಡಗೋಡ ತಾಲೂಕಿನ ಇಂದೂರು ಎಂಬ ಹಳ್ಳಿಯಲ್ಲಿ ನೀಲವ್ವ ಸಿಕ್ಕಳು. ಬೇರೆಯವರು ಹತ್ತಿರ ಇರಬಾರದೆಂಬ ನಿಯಮದಂತೆ ಅವಳ ಅತ್ತೆಯನ್ನು ಒಳಗೆ ಕಳಿಸಿ, ಕಟ್ಟೆಯ ಮೇಲೆ ಕೂತೆವು. ಮಡಿಲಲ್ಲಿ ಮೂರು ತಿಂಗಳ ಕೂಸು ಹಾಲು ಕುಡಿಯುತ್ತಿತ್ತು. ಗೋವಾಕ್ಕೆ ಲಾರಿ ಓಡಿಸುತ್ತಿದ್ದ ಗಂಡ ಹಾಸಿಗೆ ಹಿಡಿದಿದ್ದ. ಹುಬ್ಬಳ್ಳಿಯ ಡಾಕ್ಟರು ಅವನ ರಕ್ತ ನೋಡಿ ಇದೇ ರೋಗ ಎಂದರಂತೆ. ಅವಳ ರಕ್ತವನ್ನು ಯಾರೂ ನೋಡಿರಲಿಲ್ಲ. ಇಷ್ಟನ್ನು ಅವಳೇ ಪಿಸುದನಿಯಲ್ಲಿ ಹೇಳಿದಳು. ಅದನ್ನು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ಮುಂದಿನ ಪ್ರಶ್ನೆ ಓದಿದೆ: ಸೋಂಕಿರುವ ತಾಯಿಯ ಎದೆಹಾಲಿನಿಂದ ಮಗುವಿಗೆ ಎಚ್‌ಐವಿ ಬರಬಹುದೇ?

ಅವಳು ಕೂಸನ್ನು ಎದೆಯಿಂದ ಬಿಡಿಸಿದಳು. ಅದು ಅಳತೊಡಗಿತು.

“ಬರತೈತೇನ್ರಿ?”

ನಿಯಮದಂತೆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಿದೆ.

“ನಿಮಗ ಗೊತ್ತೈತ್ರಿ ಅಕ್ಕಾರ. ಕುಡಸ್ಲೋ ಬ್ಯಾಡೋ, ಅಷ್ಟ ಹೇಳ್ರಿ.”

‘ಗೊತ್ತಿಲ್ಲ’ ಎಂಬಲ್ಲಿ ಗುರುತು ಹಾಕಿ ಮುಂದಕ್ಕೆ ಹೋದೆ. ಕೊನೆಗೆ ಹೇಳಿದರಾಯಿತು ಎಂದುಕೊಂಡಿದ್ದೆ, ಇದು ಚೆನ್ನಾಗಿ ನೆನಪಿದೆ. ಕೊನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಅತ್ತೆ ಚಹಾ ತಂದು ನಮ್ಮ ನಡುವೆ ಕೂತರು. ಸೊಸೆಗೂ ರಕ್ತಪರೀಕ್ಷೆ ಆಗಲಿ ಎಂದು ಅವರೆದುರು ಹೇಗೆ ಹೇಳುವುದು? ರಸ್ತೆಯಲ್ಲಿ ನಮ್ಮ ತಂಡದ ಜೀಪು ಹಾರ್ನ್ ಹಾಕಿತು. ಚಹಾ ಚೆನ್ನಾಗಿದೆ ಎಂದೆ.

ಒಂದೂ ತಿದ್ದುಪಡಿ ಇಲ್ಲದ ಹಾಳೆಗಳೆಂದು ಮೇಲ್ವಿಚಾರಕರು ಎಲ್ಲರೆದುರು ನನ್ನನ್ನು ಹೊಗಳಿದರು.

ಮೊನ್ನೆ ಆ ವರ್ಷದ ಡೈರಿ ತೆಗೆದೆ. ‘ನೀಲವ್ವನನ್ನು ಪಕ್ಕಕ್ಕೆ ಕರೆದು, ಕೂಸನ್ನೂ ಎತ್ತಿಕೊಂಡು ನಾಳೆಯೇ ಹುಬ್ಬಳ್ಳಿಗೆ ಹೋಗೆಂದು ಹೇಳಿದೆ’ ಎಂದಿದೆ. ಓದಿ ನೆಮ್ಮದಿಯಾಯಿತು, ಕನ್ನಡಕ ಹಾಕಿಕೊಳ್ಳುವವರೆಗೆ. ಆ ದಿನದ ಪುಟವೆಲ್ಲ ಕಪ್ಪು ಶಾಯಿ. ಆ ಸಾಲೊಂದು ನೀಲಿಯಲ್ಲಿ, ಅಂಚಿನಲ್ಲಿ ಇರುಕಿಸಿ ಬರೆದದ್ದು. ಮರುದಿನದ ಪುಟವಿಡೀ ಅದೇ ನೀಲಿ. ಮರುದಿನ ನಾವು ಇಂದೂರಿನಿಂದ ಬಹುದೂರ, ಜೋಯಿಡಾದಲ್ಲಿದ್ದೆವು.